ತಡವಾಗಬಾರದ ಕರೆ: ಕಾಲೇಜಿಗೆ ಹೊರಟ ಮಕ್ಕಳು ಮತ್ತು ಮದ್ಯ

(ಕುವೈತ್ ಸಿಟಿಯಲ್ಲಿ, ಊರಿನ ಕಾಲೇಜುಗಳಿಗೆ ಹೊರಟ ಮಕ್ಕಳು ಮತ್ತು ಅವರ ತಂದೆ ತಾಯಂದಿರ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತಿನ ವಿಷಯ ಮದ್ಯ ಎಂದಾಗ ಸಂಘಟಕರಲ್ಲಿ ಕೆಲವರಿಗೆ ಇರಿಸುಮುರಿಸಾಯಿತು. ಕುಡಿತವೇ ಅಪರಾಧವಾಗಿರುವ ದೇಶದಲ್ಲಿ ಕೂತು ಕುಡಿತದ ಮಾತೇಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ.

2025ರ ಆಗಸ್ಟ್ ಎರಡನೇ ವಾರ, ಕೆಲವೇ ದಿನಗಳ ಒಳಗೆ, ಈ ದೇಶದ ಆಸ್ಪತ್ರೆಗಳಿಗೆ 160 ಮಂದಿ ಕಳ್ಳಭಟ್ಟಿ ಕುಡಿದು ಮೆಥನಾಲ್ ವಿಷವೇರಿ ಬಂದರು. 23 ಮಂದಿ ತೀರಿಕೊಂಡರು. 51 ಮಂದಿಗೆ ತುರ್ತಾಗಿ ಡಯಾಲಿಸಿಸ್ ಮಾಡಬೇಕಾಯಿತು, 31 ಮಂದಿಯನ್ನು ವೆಂಟಿಲೇಟರ್‌ಗೆ ಹಾಕಬೇಕಾಯಿತು. ಆರೋಗ್ಯ ಸಚಿವಾಲಯವೇ ಆ ವಾರ ಕೊಟ್ಟ ಅಂಕಿಗಳು ಇವು. ಹೆಚ್ಚಿನವರು ಏಷ್ಯಾದ ದೇಶಗಳಿಂದ ಬಂದವರು. ಸುಮಾರು 40 ಭಾರತೀಯರು ಆಸ್ಪತ್ರೆ ಸೇರಿದ್ದಾರೆ, ಕೆಲವರು ಸತ್ತಿದ್ದಾರೆ ಎಂದು ನಮ್ಮ ರಾಯಭಾರ ಕಚೇರಿ ತಿಳಿಸಿತು. ಆಮೇಲೆ ಪೊಲೀಸರು 67 ಜನರನ್ನು ಹಿಡಿದರು. ವಸತಿ ಪ್ರದೇಶಗಳಲ್ಲೂ ಕೈಗಾರಿಕಾ ಪ್ರದೇಶಗಳಲ್ಲೂ ಕಳ್ಳಭಟ್ಟಿಯ ಜಾಗಗಳು ಸಿಕ್ಕಿಬಿದ್ದವು. 1964ರಿಂದ ಮದ್ಯದ ಆಮದು ನಿಷೇಧವಾಗಿರುವ ದೇಶದಲ್ಲಿ ಇದಾಯಿತು.

ನಮ್ಮ ಕಡೆಯೂ ಇದನ್ನು ಕಂಡಿದ್ದೇವೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರು ಮುನ್ನೂರಕ್ಕೂ ಹೆಚ್ಚು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡುಕ ಗಂಡಂದಿರಿಂದ ನಲುಗಿದ ಹೆಣ್ಣುಮಕ್ಕಳ ಕೂಗು ಆ ನಿರ್ಧಾರದ ಹಿಂದಿತ್ತು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆ ವಿಷಮದ್ಯಕ್ಕೆ ನೂರೈವತ್ತಕ್ಕೂ ಹೆಚ್ಚು ಕೂಲಿಕಾರರು ಬಲಿಯಾದರು.

ಮೆಥನಾಲ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ತಿಳಿದಿದ್ದರೆ ಜೀವ ಉಳಿಯುತ್ತದೆ. ಕುಡಿಯುವ ಮದ್ಯದಲ್ಲಿರುವುದು ಎಥನಾಲ್. ಬಣ್ಣ ತೆಗೆಯಲು, ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸಲು ಬರುವುದು ಮೆಥನಾಲ್. ಎರಡಕ್ಕೂ ಬಣ್ಣವಿಲ್ಲ, ಲೋಟದಲ್ಲಿ ಬೆರೆಸಿಟ್ಟರೆ ಮೂಸಿಯಾಗಲಿ ರುಚಿ ನೋಡಿಯಾಗಲಿ ಪತ್ತೆ ಹಚ್ಚಲು ಆಗುವುದಿಲ್ಲ. ಯಕೃತ್ತು ಮೆಥನಾಲನ್ನು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ, ಮೂತ್ರಪಿಂಡಕ್ಕೆ, ಮಿದುಳಿಗೆ ಹೊಡೆತ ಕೊಡುತ್ತದೆ. ಮೋಸವಿರುವುದು ಸಮಯದಲ್ಲಿ. ಕುಡಿದ ರಾತ್ರಿ ಎಲ್ಲರಂತೆ ಅಮಲು, ಅಷ್ಟೆ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ಹೊಟ್ಟೆನೋವು, ಕಣ್ಣು ಮಂಜು. ಹ್ಯಾಂಗೋವರ್ ಎಂದುಕೊಂಡು ಇನ್ನೊಂದು ದಿನ ಮಲಗಿದರೆ ಕಣ್ಣು ಹೋಗುತ್ತದೆ, ಅಥವಾ ಜೀವವೇ ಹೋಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ: ಫೋಮೆಪಿಜೋಲ್ ಎಂಬ ಮದ್ದಿದೆ, ಡಯಾಲಿಸಿಸ್ ಇದೆ. ಆದರೆ ಅವು ಕೆಲಸ ಮಾಡುವುದು ಬೇಗ ಬಂದವರಿಗೆ. 2024ರ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಇದೇ ವಿಷಕ್ಕೆ ಆರು ಮಂದಿ ವಿದೇಶಿಯರು ಸತ್ತರು. ಅವರಲ್ಲಿ ಇಬ್ಬರು ಹತ್ತೊಂಬತ್ತು ವರ್ಷದ ಆಸ್ಟ್ರೇಲಿಯಾದ ಹುಡುಗಿಯರು, ಮುಂದೆ ಕಾಲೇಜು ಮೆಟ್ಟಿಲು ಹತ್ತಬೇಕಾದ ವಯಸ್ಸಿನವರು.

ಈಗ ಯೋಚಿಸಿ. ಇಕಾಮಾ, ಅಂದರೆ ವಾಸದ ಪರವಾನಗಿ, ಹೋಗುತ್ತದೆ, ಜೈಲಾಗುತ್ತದೆ, ಊರಿಗೆ ಅಟ್ಟಿಬಿಡುತ್ತಾರೆ ಎಂಬ ಹೆದರಿಕೆ ಇರುವವನು ಕಣ್ಣು ಮಂಜಾದ ಕೂಡಲೇ ಆಸ್ಪತ್ರೆಗೆ ಓಡುತ್ತಾನೆಯೇ? ಹೊಟ್ಟೆನೋವಿಗೊಂದು ಮಾತ್ರೆ ನುಂಗಿ ಕ್ಯಾಂಪಿನ ಬಂಕ್ ಮಂಚದಲ್ಲಿ ಮಗ್ಗುಲಾಗುತ್ತಾನೆ. ಜೊತೆಗಿದ್ದವರಿಗೂ ಅದೇ ಹೆದರಿಕೆ. ವಿಷ ಎಷ್ಟು ಕೊಲ್ಲುತ್ತದೋ ಹೆದರಿಕೆಯಿಂದಾದ ತಡವೂ ಅಷ್ಟೇ ಕೊಲ್ಲುತ್ತದೆ. ನಿಮ್ಮ ಮಕ್ಕಳ ವಿಷಯದಲ್ಲಿ ನಾನು ಹೇಳಬೇಕೆಂದು ಬಂದಿರುವುದೂ ಇದನ್ನೇ.

ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಮಂಗಾಫ್‌ನಲ್ಲೋ ಬೆಳೆದ ನಿಮ್ಮ ಮಗ ಅಥವಾ ಮಗಳು ಮದ್ಯದ ಅಂಗಡಿಯ ಬೋರ್ಡನ್ನೇ ಕಾಣದೆ ಹದಿನೆಂಟು ವರ್ಷ ಕಳೆದಿರುತ್ತಾರೆ. ಕುವೈತ್ ಏರ್‌ವೇಸ್ ವಿಮಾನದಲ್ಲೂ ಮದ್ಯ ಇಲ್ಲ. ಜೂನ್ ಜುಲೈ ಬಂದಾಗ ಮಂಗಳೂರಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಇಳಿಯುತ್ತಾರೆ. ಅಲ್ಲಿ ಬೀದಿಗೊಂದು ಬಾರ್, ಕೈಯಲ್ಲಿ ಅಪ್ಪ ಕಳಿಸಿದ ದುಡ್ಡು, ಪಿಜಿಯಲ್ಲಿ ಸ್ವಂತ ರೂಮು, ಕೇಳುವವರು ಯಾರೂ ಇಲ್ಲ. ಕರ್ನಾಟಕದಲ್ಲೇ ಬೆಳೆದ ಹುಡುಗನಿಗೆ ಕುಡಿದು ಬಿದ್ದವರನ್ನು ನೋಡಿಯಾದರೂ ಗೊತ್ತು. ಊರಿನ ಜಾತ್ರೆಯಲ್ಲಿ, ಮದುವೆ ಮನೆಯ ಹಿತ್ತಲಲ್ಲಿ ನೋಡಿರುತ್ತಾನೆ. ನಿಮ್ಮ ಮಕ್ಕಳಿಗೆ ಅದೂ ಇಲ್ಲ. ನಾನು ಕರಾವಳಿಯಲ್ಲಿ ಪಾಠ ಹೇಳುತ್ತ, ಬಹಳ ಕಾಲ ಹಾಸ್ಟೆಲ್ ವಾರ್ಡನ್ ಆಗಿಯೂ ಇದ್ದವನು. ಗಲ್ಫ್‌ನಿಂದ ಬಂದ ಮಕ್ಕಳು ಕೆಟ್ಟವರೆಂದು ನಾನು ಯಾವತ್ತೂ ಹೇಳಿಲ್ಲ. ಅವರಿಗೆ ಕುಡಿತದ ಲೆಕ್ಕ ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ತೋರಿಸಿಕೊಳ್ಳಲು ನಾಚಿಕೆ.

ಮನೆಯಲ್ಲಿ ಈ ಮಾತು ಆಡುವ ರೂಢಿ ನಮಗಿಲ್ಲ. ನಮ್ಮ ಸಮುದಾಯಗಳ ನಡೆಯೂ ಒಂದೇ ಥರ ಅಲ್ಲ. ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮದ್ಯ ಧರ್ಮಕ್ಕೇ ವಿರುದ್ಧ. ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮನೆಯಲ್ಲೇ ಮಾಡಿದ ವೈನ್ ಇರುತ್ತದೆ. ತುಳುನಾಡಿನ ಕೆಲವು ದೈವಗಳಿಗೆ ಶೇಂದಿ ಇಡುತ್ತಾರೆ, ಕೊಡವರ ಮದುವೆಯಲ್ಲಿ ಮದ್ಯಕ್ಕೆ ತನ್ನದೇ ಜಾಗವಿದೆ. ಇಷ್ಟೆಲ್ಲ ಬೇರೆಬೇರೆಯಾದರೂ ಒಂದು ಸಾಮ್ಯವಿದೆ: ಮಕ್ಕಳೊಂದಿಗೆ ಯಾರೂ ಅದರ ಬಗ್ಗೆ ಕೂತು ಮಾತನಾಡುವುದಿಲ್ಲ. ಕನ್ನಡ ಕಾರ್ಯಕ್ರಮಗಳಲ್ಲಿ ರಾಜರತ್ನಂ ಅವರ ಕುಡುಕನ ಹಾಡುಗಳಾದ ರತ್ನನ ಪದಗಳನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಿದರೆ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಬಂದ ಮೇಲೆ ಮೌನ. ಇನ್ನೊಂದು ಮಾತು, ಅಪ್ಪಂದಿರು ಬೇಸರ ಮಾಡಿಕೊಳ್ಳಬಾರದು. ಇಲ್ಲಿ ಹನ್ನೊಂದು ತಿಂಗಳು ಮುಟ್ಟದೆ ಇರುವವರು ರಜೆಗೆ ಹೊರಟಾಗ ದಾರಿಯಲ್ಲಿ ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಳ್ಳುತ್ತಾರೆ. ಊರಿಗೆ ಬಂದ ದಿನವೇ ಭಾವ, ಮೈದುನ, ಹಳೆಯ ಸ್ನೇಹಿತರು ಸೇರುತ್ತಾರೆ. ರಜೆಯೆಂದರೆ, ಬಿಡುಗಡೆಯೆಂದರೆ, ಗಂಡಸರು ಒಟ್ಟು ಸೇರುವುದೆಂದರೆ ಬಾಟಲಿ ಎಂಬುದನ್ನು ಮಗು ಅಲ್ಲಿ ಕಲಿಯುತ್ತದೆ. ಕಾಲೇಜು ಅದರ ಮೊದಲ ಬಿಡುಗಡೆ.

ನನ್ನ ಸ್ವಂತ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಕುಡಿಯಬೇಡಿ. ಮದ್ಯ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಇಪ್ಪತ್ತೈದರ ಹತ್ತಿರದವರೆಗೂ ಮಿದುಳು ಬೆಳೆಯುತ್ತಲೇ ಇರುತ್ತದೆ. ಆದರೂ ಕುಡಿಯುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಸಾಯದೆ ಇರುವ ದಾರಿ ಹೇಳಿಕೊಟ್ಟರೆ ಕುಡಿಯಲು ಒಪ್ಪಿಗೆ ಕೊಟ್ಟಂತೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮಗನಿಗೆ ಈಜು ಕಲಿಸಿದ ತಂದೆ ಅವನನ್ನು ಹೊಳೆಗೆ ನೂಕಿದಂತಾಗುವುದಿಲ್ಲ.

ಆದ್ದರಿಂದ ಮೊದಲು ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. ಒಂದು ಸಣ್ಣ ಪೆಗ್, ಅಂದರೆ 30 ಎಂ.ಎಲ್. ಕುಡಿದರೆ ಹತ್ತು ಗ್ರಾಂ ಎಥನಾಲ್ ಒಳಗೆ ಹೋಗುತ್ತದೆ. ‘ನೈಂಟಿ’ ಎಂದರೆ ಮೂವತ್ತು ಗ್ರಾಂ, ‘ಕ್ವಾರ್ಟರ್’ ಎಂದರೆ ಅರವತ್ತು. ಮಕ್ಕಳು ಮೋಸ ಹೋಗುವುದು ಬಿಯರ್‌ನಲ್ಲಿ. ಬಿಯರ್ ತಾನೇ, ಜ್ಯೂಸ್ ಇದ್ದ ಹಾಗೆ ಎಂದು ಸೀನಿಯರ್ ಹೇಳಿರುತ್ತಾನೆ. ನಮ್ಮ ಬಾರ್‌ಗಳಲ್ಲಿ ಹೆಚ್ಚು ಓಡುವುದು ಸ್ಟ್ರಾಂಗ್ ಬಿಯರ್, ಶೇ. 8ರವರೆಗೂ ಮದ್ಯಸಾರವಿರುವುದು. ಅಂಥ 650 ಎಂ.ಎಲ್. ಬಾಟಲಿಯೊಂದರಲ್ಲಿ ನಲವತ್ತು ಗ್ರಾಂ ಎಥನಾಲ್ ಇರುತ್ತದೆ, ಅಂದರೆ ನಾಲ್ಕು ಸಣ್ಣ ಪೆಗ್. ಎರಡು ಬಿಯರ್ ಕುಡಿದೆ ಎನ್ನುವ ಹುಡುಗ ಎಂಟು ಪೆಗ್ ಕುಡಿದಿದ್ದಾನೆ.

ಯಕೃತ್ತು ಇದನ್ನು ಕರಗಿಸುವುದು ಗಂಟೆಗೆ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್‌ನಷ್ಟು. ಈ ವೇಗವನ್ನು ಹೆಚ್ಚಿಸುವ ಉಪಾಯ ಲೋಕದಲ್ಲಿಲ್ಲ. ನಿಂಬೆಹುಳಿ, ಮಜ್ಜಿಗೆ, ಉಪ್ಪಿನಕಾಯಿ, ಕಾಫಿ, ತಲೆಗೆ ತಣ್ಣೀರು, ಬೆರಳು ಹಾಕಿ ವಾಂತಿ ಮಾಡಿಸುವುದು — ಯಾವುದರಿಂದಲೂ ರಕ್ತದಲ್ಲಿ ಸೇರಿದ ಮದ್ಯ ಇಳಿಯುವುದಿಲ್ಲ. ಇನ್ನೂ ಮುಖ್ಯವಾದದ್ದು, ಕೊನೆಯ ಗುಟುಕು ಕುಡಿದ ಮೇಲೂ ಅರ್ಧ ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ರಕ್ತದಲ್ಲಿ ಮದ್ಯ ಏರುತ್ತಲೇ ಹೋಗುತ್ತದೆ. ನಡೆದುಕೊಂಡು ಬಂದು ಮಲಗಿದವನು ಮಲಗಿದಲ್ಲೇ ಅಪಾಯಕ್ಕೆ ಹೋಗಬಹುದು. ಖಾಲಿ ಹೊಟ್ಟೆಯಾದರೆ ಬೇಗ ಏರುತ್ತದೆ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನ ಅಂಶ ಕಡಿಮೆಯಿರುವುದರಿಂದ ಅಷ್ಟೇ ಕುಡಿದರೂ ಹೆಚ್ಚು ಏರುತ್ತದೆ. ಎನರ್ಜಿ ಡ್ರಿಂಕ್ ಬೆರೆಸಿದರೆ ನಿದ್ದೆ ಹಾರುತ್ತದೆ, ಅಮಲು ಹಾರುವುದಿಲ್ಲ. ಎಷ್ಟಾಯಿತೆಂಬುದು ತಿಳಿಯದೆ ಇನ್ನಷ್ಟು ಕುಡಿಯುತ್ತಾರೆ. ನಿದ್ದೆ ಮಾತ್ರೆ, ಆತಂಕದ ಮಾತ್ರೆ ತೆಗೆದುಕೊಳ್ಳುವವರು ಒಂದು ಪೆಗ್ ಕೂಡ ಮುಟ್ಟಬಾರದು. ಎರಡೂ ಸೇರಿ ಉಸಿರನ್ನೇ ನಿಲ್ಲಿಸುತ್ತವೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಹಾಸ್ಟೆಲ್‌ನ ಕೊನೆಯ ರೂಮಿನ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದಾಗ ಒಬ್ಬ ಅರ್ಧ ತೆರೆದು, “ಏನಿಲ್ಲ ಸರ್, ಮಲ್ಕೊಂಡಿದ್ದಾನೆ, ಬೆಳಿಗ್ಗೆ ಸರಿ ಹೋಗ್ತಾನೆ” ಎಂದ. ಒಳಗೆ ಹುಡುಗ ಅಂಗಾತ ಮಲಗಿದ್ದ. ತಲೆಕೂದಲು, ದಿಂಬು ಒದ್ದೆ. ಪಕ್ಕದಲ್ಲಿ ಅರ್ಧ ಹಿಂಡಿದ ನಿಂಬೆಹಣ್ಣು, ಲೋಟದಲ್ಲಿ ಮಜ್ಜಿಗೆ. ಕುಡಿಸಲು ನೋಡಿದ್ದರು, ಅದು ಕೆನ್ನೆಯ ಮೇಲೆ ಹರಿದಿತ್ತು. ಭುಜ ಹಿಡಿದು ಅಲುಗಿಸಿದರೆ ಏಳಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು. ಒಂದು ಉಸಿರು, ಆಮೇಲೆ ಬಹಳ ಹೊತ್ತಿಗೆ ಇನ್ನೊಂದು. ಗೆಳೆಯರು ಕೆಟ್ಟವರಲ್ಲ. ಎರಡು ಗಂಟೆಯಿಂದ ಅವನ ಕಾಲು ಒತ್ತುತ್ತ ಕೂತಿದ್ದರು. ಯಾಕೆ ಯಾರಿಗೂ ಹೇಳಲಿಲ್ಲ ಎಂದರೆ ಒಬ್ಬ ಅಳತೊಡಗಿದ. “ಅವನ ಅಪ್ಪ ಕುವೈತ್‌ನಲ್ಲಿದ್ದಾರೆ ಸರ್, ಗೊತ್ತಾದ್ರೆ ಓದು ಬಿಡಿಸಿ ಕರ್ಕೊಂಡು ಹೋಗ್ತಾರೆ ಅಂತ ಅವನೇ ಹೇಳಿದ್ದ.” ಆಂಬ್ಯುಲೆನ್ಸ್ ಬಂತು, ಹುಡುಗ ಉಳಿದ. ಅಲ್ಲಿ ಒಂದು ಗಂಟೆ, ಇಲ್ಲಿ ರಾತ್ರಿ ಹತ್ತೂವರೆ. ನಾನು ಫೋನ್ ಮಾಡಿ ವಿಷಯ ಹೇಳಿದಾಗ ಆ ತಂದೆ ಕೇಳಿದ್ದು ಒಂದೇ, “ಉಸಿರಾಡ್ತಿದ್ದಾನಾ?” ಯಾವ ತಂದೆಗೆ ಹೆದರಿ ಆ ಮಕ್ಕಳು ಎರಡು ಗಂಟೆ ಕಳೆದರೋ ಆ ತಂದೆ ಬೈಗುಳದ ಒಂದು ಮಾತನ್ನೂ ಆಡಲಿಲ್ಲ. ಆದರೆ ಅವರು ಹಾಗೆ ಆಡುವುದಿಲ್ಲವೆಂದು ಮಗನಿಗೆ ಮೊದಲೇ ತಿಳಿದಿರಲಿಲ್ಲ.

ಮಕ್ಕಳೇ, ಈ ಭಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕುಡಿದವನನ್ನು ಕೂಗಿ, ಚಿವುಟಿ ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ, ತಣ್ಣಗಾದ ಮೈ, ನೀಲಿಗಟ್ಟಿದ ತುಟಿ, ಎಚ್ಚರವಿಲ್ಲದೆಯೇ ವಾಂತಿ, ಫಿಟ್ಸ್: ಇವುಗಳಲ್ಲಿ ಒಂದು ಕಂಡರೂ ಸಾಕು, 112ಕ್ಕೋ 108ಕ್ಕೋ ಫೋನ್ ಮಾಡಿ. 112 ಭಾರತದಲ್ಲೂ ಅದೇ, ಕುವೈತ್‌ನಲ್ಲೂ ಅದೇ ಸಂಖ್ಯೆ. ಆಂಬ್ಯುಲೆನ್ಸ್ ಬರುವವರೆಗೆ ಅವನನ್ನು ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮಡಚಿ ಮುಂದಕ್ಕೆ ಇಡಿ, ಮೇಲಿನ ಕೈಯನ್ನು ಕೆನ್ನೆಯಡಿ ಕೊಡಿ, ಬಾಯಿ ನೆಲದ ಕಡೆ ವಾಲಿರಲಿ. ಅಮಲು ಹೆಚ್ಚಾದಾಗ ಕೆಮ್ಮಿ ಗಂಟಲು ಬಿಡಿಸಿಕೊಳ್ಳುವ ಶಕ್ತಿಯೂ ಹೋಗಿರುತ್ತದೆ. ಅಂಗಾತ ಮಲಗಿದವನ ವಾಂತಿ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಬಾಯಿಗೆ ಏನನ್ನೂ ಹಾಕಬೇಡಿ, ತಣ್ಣೀರು ಸುರಿಯಬೇಡಿ, ಒಂಟಿಯಾಗಿ ಬಿಡಬೇಡಿ. ಡಾಕ್ಟರಿಗೆ ಏನು ಕುಡಿದ, ಎಷ್ಟು, ಯಾವ ಮಾತ್ರೆ ತೆಗೆದುಕೊಂಡಿದ್ದ ಎಂಬುದನ್ನು ಸುಳ್ಳು ಬೆರೆಸದೆ ಹೇಳಿ.

ಇನ್ನು ಕುಡಿಯಲು ಮಾಡುವ ಒತ್ತಾಯದ ಬಗ್ಗೆ. ಊಟಕ್ಕೆ ಬಡಿಸುವಾಗ ಬೇಡ ಎಂದರೂ ಇನ್ನೊಂದು ಹೋಳಿಗೆ ಹಾಕುವುದು ನಮ್ಮ ಪ್ರೀತಿಯ ರೀತಿ. ಅದೇ ರೀತಿಯನ್ನು ನಾವು ಮದ್ಯಕ್ಕೂ ತಂದಿದ್ದೇವೆ, ಅದು ಅನ್ಯಾಯ. “ಸುಮ್ನೆ ಕಂಪನಿ ಕೊಡೋ”, “ನನ್ನಾಣೆ ಒಂದೇ ಒಂದು” ಎನ್ನುವ ಮಾತಿಗೆ ಕಾರಣ ಕೊಡುತ್ತ ಕೂರಬೇಡಿ. ಕಾರಣ ಹೇಳಿದರೆ ಅದಕ್ಕೊಂದು ಪರಿಹಾರ ಹುಡುಕುತ್ತಾರೆ. “ನಾನು ಕುಡಿಯಲ್ಲ” ಎಂದು ಎರಡು ಸಲ ಹೇಳಿ, ನಿಮ್ಮ ಲೋಟಕ್ಕೆ ಬೇಕಾದದ್ದನ್ನು ನೀವೇ ಹಾಕಿಕೊಳ್ಳಿ, ಲೋಟವನ್ನು ಬಿಟ್ಟು ಎದ್ದು ಹೋಗಬೇಡಿ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಬಲವಂತವಾಗಿ ಕುಡಿಸುವುದು ರ‍್ಯಾಗಿಂಗ್. ಯುಜಿಸಿ 2009ರಲ್ಲಿ ತಂದ ನಿಯಮಗಳ ಪ್ರಕಾರ ಕಾಲೇಜು ಅದರ ಮೇಲೆ ಕ್ರಮ ಕೈಗೊಳ್ಳಲೇಬೇಕು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರಬಾರದೆಂದು ಪರವಾನಗಿ ನಿಯಮಗಳು ಹೇಳುತ್ತವೆ. ಅದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ, ಆಕ್ಷೇಪಗಳು ಬಂದ ಮೇಲೆ ಕೈಬಿಟ್ಟಿತು. ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಕೇರಳದಲ್ಲಿ 23, ಕಾರವಾರ ದಾಟಿದರೆ ಗೋವಾದಲ್ಲಿ 18. ವಾರಾಂತ್ಯಕ್ಕೆ ಗೋವಾ ಎಂದು ಬೈಕ್ ಏರುವ ಹುಡುಗರು ಇದಕ್ಕಾಗಿಯೇ ಹೋಗುತ್ತಾರೆ, ಮತ್ತು ವಾಪಸು ಬರುವುದೂ ಬೈಕ್‌ನಲ್ಲೇ. ನನಗೆ ಹೆಚ್ಚು ಹೆದರಿಕೆ ಇರುವುದು ಆ ವಾಪಸು ದಾರಿಯದು. ಭಾರತದಲ್ಲಿ ವಾಹನ ಓಡಿಸುವವನ ನೂರು ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇರಬಾರದು. ಅರವತ್ತು ಕೆ.ಜಿ. ತೂಕದ ಹುಡುಗನಿಗೆ ಎರಡು ಸಣ್ಣ ಪೆಗ್ ಸಾಕು ಅದನ್ನು ದಾಟಲು, ಐವತ್ತು ಕೆ.ಜಿ. ಹುಡುಗಿಗೆ ಒಂದೇ ಸಾಕಾಗಬಹುದು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರಾತ್ರಿ ಎರಡಕ್ಕೆ ಕುಡಿತ ನಿಲ್ಲಿಸಿದವನು ಬೆಳಿಗ್ಗೆ ಏಳಕ್ಕೆ ಬೈಕ್ ಹತ್ತಿದರೂ ರಕ್ತದಲ್ಲಿ ಮದ್ಯ ಉಳಿದಿರಬಹುದು, ಗಂಟೆಗೆ ಒಂದು ಪೆಗ್ ಲೆಕ್ಕ ಹಾಕಿ ನೋಡಿ.

ಈಗ ತಂದೆ ತಾಯಂದಿರಿಗೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ಪದ್ಧತಿ ತಂದಿತು. ಕುಡಿದು ಅಪಾಯದಲ್ಲಿರುವ ಗೆಳೆಯನಿಗಾಗಿ ಆಂಬ್ಯುಲೆನ್ಸ್ ಕರೆಸಿದ ವಿದ್ಯಾರ್ಥಿಯ ಮೇಲೂ, ಆ ಗೆಳೆಯನ ಮೇಲೂ ಕುಡಿದದ್ದಕ್ಕಾಗಿ ಶಿಸ್ತು ಕ್ರಮ ಇಲ್ಲ; ಬದಲಿಗೆ ಆಪ್ತಸಲಹೆ. ಸಹಾಯಕ್ಕೆ ಬರುವ ಕರೆಗಳು ಆಮೇಲೆ ಹೆಚ್ಚಿದವು. ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಈಗ ಇಂಥದ್ದಿದೆ. ನಮ್ಮ ಕಾಲೇಜುಗಳೂ ತರಬೇಕೆಂದು ನಾನು ಸಿಕ್ಕ ಸಭೆಗಳಲ್ಲೆಲ್ಲ ಹೇಳುತ್ತಿದ್ದೇನೆ. ಅದು ಬರುವವರೆಗೆ ನಿಮ್ಮ ಮನೆಯಲ್ಲಿ ಈ ನಿಯಮ ಮಾಡುವುದಕ್ಕೆ ಯಾರ ಅನುಮತಿಯೂ ಬೇಡ. ಟಿಕೆಟ್ ಮಾಡಿಸುವ ಮೊದಲು ಮಗಳನ್ನೋ ಮಗನನ್ನೋ ಕೂರಿಸಿಕೊಂಡು ಹೇಳಿ: ನೀನು ಕುಡಿಯುವುದು ನಮಗೆ ಇಷ್ಟವಿಲ್ಲ. ಆದರೆ ನೀನಾಗಲಿ ನಿನ್ನ ಗೆಳೆಯರಾಗಲಿ ಅಪಾಯದಲ್ಲಿದ್ದರೆ ಎಷ್ಟು ಹೊತ್ತಿನಲ್ಲಾದರೂ ಫೋನ್ ಮಾಡು. ಆ ರಾತ್ರಿ ನಾವು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಓದು ಬಿಡಿಸುವುದಿಲ್ಲ. ಮಾತು ಏನಿದ್ದರೂ ಆಮೇಲೆ, ನೀನು ಚೇತರಿಸಿಕೊಂಡ ಮೇಲೆ. ಇದನ್ನು ತಾಯಿಯೊಬ್ಬರೇ ಹೇಳಿದರೆ ಸಾಲದು, ತಂದೆಯ ಬಾಯಲ್ಲೂ ಬರಬೇಕು. ಹಾಸ್ಟೆಲ್ಲಿನ ಆ ರಾತ್ರಿ ಮಕ್ಕಳು ಹೆದರಿದ್ದು ತಂದೆಗೆ. ಕುವೈತ್‌ನಿಂದ ಮಂಗಳೂರಿಗೆ ಆ ರಾತ್ರಿಯೇ ಓಡಿಹೋಗಲು ಆಗುವುದಿಲ್ಲ, ಹಾಗಾಗಿ ಅದೇ ಊರಿನಲ್ಲಿರುವ ಒಬ್ಬ ಚಿಕ್ಕಪ್ಪ, ಸೋದರತ್ತೆ, ಸ್ನೇಹಿತರ ನಂಬರ್ ಮಗುವಿನ ಫೋನ್‌ನಲ್ಲಿರಲಿ. ಅವರಿಗೂ ಈ ನಿಯಮ ತಿಳಿಸಿ, ಅವರೂ ಬೈಯುವುದಿಲ್ಲವೆಂದು ಒಪ್ಪಿರಲಿ.

ಸಭೆಗೆ ಮೊದಲು ಒಬ್ಬರು ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ಮಗ ಈಗಾಗಲೇ ಅಭ್ಯಾಸಕ್ಕೆ ಬಿದ್ದಿದ್ದರೆ ಏನು ಮಾಡುವುದು ಎಂದು ಕೇಳಿದರು. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಚಿಕಿತ್ಸೆ ಇಲ್ಲದೆ ಅಲ್ಲ, ಮರ್ಯಾದೆಗೆ ಅಂಜಿ ಹೋಗದವರೇ ಬಹಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ವಿಭಾಗವಿದೆ. ಭಾರತದಿಂದ 14416ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿಕೊಳ್ಳಲು ನವಜೀವನ ಸಮಿತಿಗಳಿವೆ. ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಅದು ಪ್ರಾಣಕ್ಕೂ ಕುತ್ತು. ರೂಮಿನಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಡಾಕ್ಟರ ಮೇಲ್ವಿಚಾರಣೆಯಲ್ಲೇ ಬಿಡಿಸಿ. ರಜೆಗೆ ಬಂದಾಗ ಮಾಡಿಸೋಣ ಎಂದು ಮುಂದೂಡಬೇಡಿ, ಇಲ್ಲಿಂದಲೇ ಇವತ್ತು ಊರಿನ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಬಹುದು. ಆ ತಾಯಿಗೆ ನಂಬರ್ ಬರೆದುಕೊಟ್ಟಿದ್ದೇನೆ. ಬೇಕಾದವರು ಸಭೆ ಮುಗಿದ ಮೇಲೆ ಬನ್ನಿ, ಯಾರಿಗಾಗಿ ಎಂದು ನಾನು ಕೇಳುವುದಿಲ್ಲ.